ಫೈಬರ್ ಛಾವಣಿಯ ಆಂಬುಲೆನ್ಸ್‌ನಲ್ಲಿ ವಿಎಚ್‌ಎಫ್ ಆಂಟೆನಾ: ಗಣಕ ಮಾದರಿಗೂ ಅಳತೆಗೂ 22 ಡೆಸಿಬೆಲ್ ಅಂತರವೇಕೆ?

ಪ್ರಶ್ನೆ: ತರಂಗ_ಪೀಣ್ಯ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಾಹನಗಳಿಗೆ ವೈರ್‌ಲೆಸ್ ಸೆಟ್ ಕೂರಿಸುವ ಕೆಲಸ ನನ್ನದು. ಎರಡು ತಿಂಗಳಿಂದ ಒಂದೇ ಸಮಸ್ಯೆ ನನ್ನನ್ನು ಕಾಡುತ್ತಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವ್ಯಾನನ್ನು ಆಂಬುಲೆನ್ಸ್ ಆಗಿ ಮಾರ್ಪಡಿಸುವಾಗ, ಒಳಗೆ ಮನುಷ್ಯ ನೆಟ್ಟಗೆ ನಿಂತು ರೋಗಿಯನ್ನು ನೋಡಿಕೊಳ್ಳಲು ಆಗಬೇಕೆಂದು ಮೂಲ ಉಕ್ಕಿನ ಛಾವಣಿಯನ್ನು ಕತ್ತರಿಸಿ ತೆಗೆದು, ಅದರ ಜಾಗದಲ್ಲಿ ಎತ್ತರದ ಫೈಬರ್ ಛಾವಣಿಯನ್ನು ಕೂರಿಸುತ್ತಾರೆ. ನಮ್ಮ ಸೆಟ್ ಕೆಲಸ ಮಾಡುವುದು ವಿಎಚ್‌ಎಫ್ (ಅತಿ ಹೆಚ್ಚಿನ ಕಂಪನಾಂಕ) ಪಟ್ಟಿಯ 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಲ್ಲಿ ತರಂಗಾಂತರ 2 ಮೀಟರ್. ಆದ್ದರಿಂದ 50 ಸೆಂ.ಮೀ. ಉದ್ದದ ಕಾಲು ತರಂಗಾಂತರದ ಆಂಟೆನಾವನ್ನು ಛಾವಣಿಯ ನಡುವೆ ನಿಲ್ಲಿಸಿ, ಅದರ ಬುಡಕ್ಕೆ ಫೈಬರಿನ ಒಳಗಡೆಯಿಂದ 40 ಸೆಂ.ಮೀ. ಚೌಕದ ಅಲ್ಯೂಮಿನಿಯಂ ತಗಡನ್ನು ಕೊಟ್ಟಿದ್ದೇವೆ. ಅಲ್ಲಿಂದ ಸುಮಾರು 4 ಮೀಟರ್ ಕೋಆಕ್ಸ್ ಕೇಬಲ್ (ಒಳತಂತಿಯ ಸುತ್ತ ಲೋಹದ ಹೆಣಿಗೆ ಇರುವ ಕೇಬಲ್) ಪಕ್ಕದ ಕಂಬದೊಳಗಿಂದ ಇಳಿದು ಡ್ಯಾಶ್‌ಬೋರ್ಡಿನ ಕೆಳಗಿರುವ ಸೆಟ್ಟನ್ನು ಸೇರುತ್ತದೆ. ಮುಂದಿನ ಎಲ್‌ಇಡಿ ಬೀಕನ್ನಿನ (ಮಿನುಗುವ ಎಚ್ಚರಿಕೆ ದೀಪದ) ವಿದ್ಯುತ್ ತಂತಿಯೂ ಅದೇ ಕಂಬದೊಳಗೆ ಇಳಿಯುತ್ತದೆ.

ಬೀಕನ್ ಹಚ್ಚಿದ ಕ್ಷಣವೇ ಸ್ಪೀಕರಿನಲ್ಲಿ ಸುಯ್ಯೆನ್ನುವ ಗದ್ದಲ ಏರಿ, ದೂರದ ನಿಲ್ದಾಣದ ಮಾತು ಮುಳುಗಿಹೋಗುತ್ತದೆ. ಬೀಕನ್ ಆರಿಸಿದರೆ ಮಾತು ಸ್ಪಷ್ಟವಾಗುತ್ತದೆ. ತುರ್ತು ಕೆಲಸಕ್ಕೆ ಹೊರಟ ಗಾಡಿಯಲ್ಲಿ ಬೀಕನ್ನನ್ನು ಆರಿಸಿ ಮಾತು ಕೇಳಿಸಿಕೊಳ್ಳಿ ಎಂದು ಚಾಲಕನಿಗೆ ಹೇಳುವ ಹಾಗಿಲ್ಲ.

ಅಂದಾಜಿನ ಮೇಲೆ ಫೆರೈಟ್ ಉಂಗುರಗಳನ್ನು (ತಂತಿಯ ಮೇಲಿನ ಗದ್ದಲದ ಪ್ರವಾಹವನ್ನು ತಡೆಯುವ ಕಾಂತೀಯ ಉಂಗುರಗಳನ್ನು) ಸಿಕ್ಕಿಸುತ್ತ ಹೋಗುವ ಬದಲು ಕಾರಣವನ್ನು ತಿಳಿಯಬೇಕೆಂದು, ಎನ್‌ಇಸಿ-2 (ಆಂಟೆನಾ ಲೆಕ್ಕದ ಗಣಕ ಕ್ರಮವಿಧಿ) ಆಧಾರಿತ ಉಚಿತ ತಂತ್ರಾಂಶದಲ್ಲಿ ಇಡೀ ವ್ಯಾನಿನ ತಂತಿಬಲೆಯ ಮಾದರಿಯನ್ನು ಕಟ್ಟಿದೆ. ಬಲೆಯ ಕಣ್ಣು 10 ಸೆಂ.ಮೀ., ತಂತಿಯ ತ್ರಿಜ್ಯ 1 ಮಿ.ಮೀ. ಫೈಬರ್ ಭಾಗವನ್ನು ಖಾಲಿ ಬಿಟ್ಟು, ಆಂಟೆನಾ, ಅದರ ತಗಡು, ಬೀಕನ್ನಿನ ತಂತಿ ಇವಿಷ್ಟನ್ನೂ ಸೇರಿಸಿದೆ. ಬೀಕನ್ ತಂತಿಯಿಂದ ಆಂಟೆನಾಕ್ಕೆ ದಾಟುವ ಸಂಕೇತ ಲೆಕ್ಕದಲ್ಲಿ ಮೈನಸ್ 61 ಡೆಸಿಬೆಲ್ ಬಂತು (ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ದಾಟುವುದು ಹೆಚ್ಚು). ಗಾಡಿಯಲ್ಲಿ ಬೀಕನ್ನನ್ನು ಬಿಚ್ಚಿ, ಅದರ ತಂತಿಗೆ ಸಿಗ್ನಲ್ ಜನರೇಟರ್ ಜೋಡಿಸಿ, ಸೆಟ್ಟಿನ ಕಡೆಯ ಕೋಆಕ್ಸ್ ತುದಿಯಲ್ಲಿ ಅಳೆದರೆ ಮೈನಸ್ 39 ಡೆಸಿಬೆಲ್. ಬಲೆಯ ಕಣ್ಣನ್ನು 5 ಸೆಂ.ಮೀ.ಗೆ ಇಳಿಸಿದಾಗಲೂ ಲೆಕ್ಕ ಬದಲಾದದ್ದು 1 ಡೆಸಿಬೆಲ್ ಮಾತ್ರ. ಇನ್ನೂ ಸಣ್ಣ ಬಲೆ ಬೇಕೇ, ಫೈಬರಿನ ಗುಣವನ್ನು ಸೇರಿಸಬೇಕೇ, ಅಥವಾ ದುಬಾರಿ ತಂತ್ರಾಂಶವನ್ನು ಕೊಳ್ಳದೆ ಇದು ಬಗೆಹರಿಯುವುದೇ ಇಲ್ಲವೇ? ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ: ಕ್ಷೇತ್ರಗಣಿತ

ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಅರ್ಧ ಉತ್ತರವಿದೆ. ಬಲೆಯ ಕಣ್ಣನ್ನು ಅರ್ಧಕ್ಕೆ ಇಳಿಸಿದರೂ ಉತ್ತರ 1 ಡೆಸಿಬೆಲ್ ಮಾತ್ರ ಸರಿದಿದೆ ಎಂದರೆ, ನೀವು ಬರೆದ ಮಾದರಿಯನ್ನು ಗಣಕ ಸರಿಯಾಗಿಯೇ ಬಿಡಿಸಿದೆ. ಆದರೆ ಆ ಮಾದರಿ ನಿಮ್ಮ ಗಾಡಿಯದಲ್ಲ. 22 ಡೆಸಿಬೆಲ್ಲಿನಷ್ಟು ದೊಡ್ಡ ಅಂತರ ಬಲೆಯ ಒರಟುತನದಿಂದ ಬರುವುದು ಅಪರೂಪ, ಸಾಮಾನ್ಯವಾಗಿ ಯಾವುದೋ ಒಂದು ವಾಹಕವನ್ನೇ ಚಿತ್ರದಿಂದ ಬಿಟ್ಟಾಗ ಅದು ಬರುತ್ತದೆ. ನೀವು ಬಿಟ್ಟಿರುವುದು ಕೋಆಕ್ಸ್ ಕೇಬಲ್ಲಿನ ಹೊರಮೈಯನ್ನು ಎಂದು ನನಗೆ ಬಹುಮಟ್ಟಿಗೆ ಖಚಿತವಾಗಿ ತೋರುತ್ತದೆ.

ಕೋಆಕ್ಸ್ ಎಂದರೆ ಒಳತಂತಿ ಮತ್ತು ಹೆಣಿಗೆ ಎಂಬ ಎರಡು ವಾಹಕಗಳು ಎಂದೇ ನಾವು ಎಣಿಸುತ್ತೇವೆ. 150 ಮೆಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಪ್ರವಾಹ ಇಳಿಯುವ ಆಳ ಸುಮಾರು 5 ಮೈಕ್ರೋಮೀಟರ್ ಮಾತ್ರವಾದ್ದರಿಂದ, ಹೆಣಿಗೆಯ ಒಳಮೈ ಮತ್ತು ಹೊರಮೈ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಾಹಕಗಳಂತೆ ನಡೆದುಕೊಳ್ಳುತ್ತವೆ, ಹಾಗಾಗಿ ಒಟ್ಟು ಮೂರು ವಾಹಕಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಕಾಲು ತರಂಗಾಂತರದ ಕಡ್ಡಿಯಲ್ಲಿ ಎಷ್ಟು ಪ್ರವಾಹ ಮೇಲೇರುತ್ತದೆಯೋ ಅಷ್ಟೇ ಪ್ರವಾಹ ಅದರ ಬುಡದಿಂದ ಇನ್ನೊಂದು ದಿಕ್ಕಿಗೆ ಹರಿಯಲೇಬೇಕು. ಉಕ್ಕಿನ ಛಾವಣಿ ಇದ್ದಿದ್ದರೆ ಅದು ಸುತ್ತಲೂ ಹರಡಿಕೊಳ್ಳುತ್ತಿತ್ತು. ನಿಮ್ಮ ತಗಡು ಬುಡದಿಂದ ಪ್ರತಿ ಬದಿಗೆ 20 ಸೆಂ.ಮೀ. ಮಾತ್ರ ಚಾಚಿದೆ, ಅಂದರೆ ತರಂಗಾಂತರದ ಹತ್ತನೇ ಒಂದು ಭಾಗ. ಅಲ್ಲಿ ಜಾಗ ಸಾಲದ ಪ್ರವಾಹ ಹೆಣಿಗೆಯ ಹೊರಮೈಯನ್ನು ಹಿಡಿದು ಕಂಬದೊಳಗೆ ಇಳಿಯುತ್ತದೆ. ನಿಮ್ಮ ಆಂಟೆನಾದ ಅರ್ಧ ಭಾಗ ಛಾವಣಿಯ ಮೇಲಿದೆ, ಉಳಿದರ್ಧ ಕಂಬದೊಳಗೆ ಬೀಕನ್ನಿನ ತಂತಿಗೆ ಅಂಟಿಕೊಂಡು ನಿಂತಿದೆ. ಗದ್ದಲ ಗಾಳಿಯಲ್ಲಿ ಹಾರಿ ಛಾವಣಿಗೆ ಹತ್ತಬೇಕಾದ ಅಗತ್ಯವೇ ಅದಕ್ಕಿಲ್ಲ.

ಮಾದರಿಯಲ್ಲಿ ಮಾಡಬೇಕಾದದ್ದು ಸರಳ. ತಗಡಿನ ಅಂಚಿನಿಂದ ಕೇಬಲ್ ನಿಜವಾಗಿ ಸಾಗುವ ದಾರಿಯಲ್ಲೇ ಒಂದು ತಂತಿಯನ್ನು ಎಳೆದು, ಸೆಟ್ಟಿನ ಕವಚ ಗಾಡಿಯ ಲೋಹದ ಬಾಡಿಯನ್ನು ಸೇರುವ ಜಾಗದಲ್ಲಿ ಅದನ್ನು ಮುಗಿಸಿ. ಕೋಆಕ್ಸಿನ ಒಳಭಾಗವನ್ನು ಬಲೆಯೊಳಗೆ ತರುವ ಅಗತ್ಯವಿಲ್ಲ, ಕಡ್ಡಿಗೂ ತಗಡಿಗೂ ನಡುವೆ ಮೂಲವನ್ನಿಟ್ಟರೆ ಸಾಕು. ಬೀಕನ್ ತಂತಿ ಹೆಣಿಗೆಗೆ ಕೆಲವೇ ಮಿಲಿಮೀಟರ್ ದೂರದಲ್ಲಿದ್ದರೆ ಎನ್‌ಇಸಿಯ ತೆಳುತಂತಿ ಊಹೆ (ತಂತಿಗಳ ನಡುವಿನ ದೂರದ ಮುಂದೆ ಅವುಗಳ ದಪ್ಪ ಲೆಕ್ಕಕ್ಕಿಲ್ಲ ಎಂಬ ಊಹೆ) ಅಲ್ಲಿ ಮುರಿಯುತ್ತದೆ. ಆ ಭಾಗವನ್ನು ಬಹುವಾಹಕ ಪ್ರಸರಣ ಮಾರ್ಗದ (ಅಕ್ಕಪಕ್ಕ ಸಾಗುವ ಹಲವು ತಂತಿಗಳ) ಸಮೀಕರಣಗಳಿಂದ ಬೇರೆಯಾಗಿ ಬಿಡಿಸಿ, ಹೊರಗಿನ ಕ್ಷೇತ್ರವನ್ನು ಬಲೆಯ ಮಾದರಿಯಿಂದ ಕೊಡುವುದು ರೂಢಿ. ಅಗ್ರವಾಲ್ ಮತ್ತು ಸಂಗಡಿಗರು 1980ರಲ್ಲಿ ಕೊಟ್ಟ ರೂಪ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ.

ಇನ್ನು ತಂತಿಯ ತ್ರಿಜ್ಯ. ಲೋಹದ ಹಾಳೆಯನ್ನು ತಂತಿಬಲೆಯಿಂದ ತೋರಿಸುವಾಗ, ತಂತಿಯ ಸುತ್ತಳತೆ ಬಲೆಯ ಕಣ್ಣಿನ ಅಗಲಕ್ಕೆ ಸಮನಾಗಿರಬೇಕು ಎಂಬ ಸಮ ವಿಸ್ತೀರ್ಣದ ನಿಯಮವಿದೆ. 10 ಸೆಂ.ಮೀ. ಕಣ್ಣಿಗೆ ತ್ರಿಜ್ಯ ಸುಮಾರು 1.6 ಸೆಂ.ಮೀ. ಆಗುತ್ತದೆ. ತಂತಿ ನೋಡಲು ಕೊಳವೆಯಂತಾದರೂ ಲೆಕ್ಕಕ್ಕೆ ಅದೇ ಸರಿ. ನೀವು ಕೊಟ್ಟ 1 ಮಿ.ಮೀ. ತ್ರಿಜ್ಯದಿಂದ ಇಡೀ ಬಾಡಿಗೆ ಇಲ್ಲದ ಇಂಡಕ್ಟೆನ್ಸ್ (ಬದಲಾಗುವ ಪ್ರವಾಹಕ್ಕೆ ತಂತಿ ಒಡ್ಡುವ ತಡೆ) ಸೇರಿಕೊಂಡಿದೆ. ಆದರೆ ಈ ದಪ್ಪದಲ್ಲಿ ತುಣುಕಿನ ಉದ್ದಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತ 6ರ ಸುಮಾರಿಗೆ ಇಳಿಯುತ್ತದೆ, ಸಾಮಾನ್ಯ ತೆಳುತಂತಿ ಲೆಕ್ಕಕ್ಕೆ ಅದು 8ಕ್ಕಿಂತ ಹೆಚ್ಚಿರಬೇಕು. ಆದ್ದರಿಂದ ಆಂಟೆನಾದ ಹತ್ತಿರದ ಫಲಿತಾಂಶವನ್ನು ಎರಡು ಮೂರು ತ್ರಿಜ್ಯಗಳಲ್ಲಿ ತಾಳೆ ನೋಡಿಕೊಳ್ಳಿ.

ತಂತಿಬಲೆಗೆ ಇನ್ನೊಂದು ಮಿತಿಯೂ ಇದೆ. ಅದು ದೂರಕ್ಷೇತ್ರವನ್ನು, ಅಂದರೆ ಗಾಡಿಯಿಂದ ದೂರಕ್ಕೆ ಹೋಗುವ ಅಲೆಯನ್ನು, ಚೆನ್ನಾಗಿ ಕೊಡುತ್ತದೆ, ಆದರೆ ಗಾಡಿಯೊಳಗಿನ ಸಮೀಪಕ್ಷೇತ್ರದ ಮಟ್ಟಿಗೆ ಜರಡಿಯಂತೆ ಸೋರುತ್ತದೆ. ಒಳಗಿನ ತಂತಿಗಳ ವಿಚಾರಕ್ಕೆ ಬಂದಾಗ ತ್ರಿಕೋನಗಳಿಂದ ಹೊದಿಸಿದ ಮೇಲ್ಮೈಯೇ ಉತ್ತಮ. ತ್ರಿಕೋನದ ಅಂಚುಗಳ ಮೇಲೆ ಪ್ರವಾಹವನ್ನು ಬರೆಯುವ ಈ ವಿಧಾನವನ್ನು 1982ರಲ್ಲಿ ಕೊಟ್ಟವರು ರಾವ್, ವಿಲ್ಟನ್ ಮತ್ತು ಗ್ಲಿಸನ್. ಅವರಲ್ಲಿ ಮೊದಲನೆಯವರಾದ ಸದಾಶಿವ ರಾವ್ ಸ್ನಾತಕೋತ್ತರ ಪದವಿ ಪಡೆದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಂದು ವಾಹನ, ವಿಮಾನ, ಹಡಗುಗಳ ಆಂಟೆನಾ ಲೆಕ್ಕ ಮಾಡುವ ಬಹುತೇಕ ಮೊಮೆಂಟ್ ವಿಧಾನದ (ಲೋಹದ ಮೇಲಿನ ಪ್ರವಾಹವನ್ನು ಮ್ಯಾಟ್ರಿಕ್ಸ್ ಬಿಡಿಸಿ ಕಂಡುಹಿಡಿಯುವ) ತಂತ್ರಾಂಶಗಳು ಅದೇ ಅಡಿಪಾಯದ ಮೇಲೆ ನಿಂತಿವೆ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳಿಗೆ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಖರ್ಚಿನ ಬಗ್ಗೆ ಕೇಳಿದ್ದೀರಿ. ವಾಹನದ ಲೋಹದ ಮೇಲ್ಮೈ 25 ಚದರ ಮೀಟರ್ ಎಂದಿಟ್ಟುಕೊಂಡು 10 ಸೆಂ.ಮೀ. ಬದಿಯ ತ್ರಿಕೋನಗಳಿಂದ ಹೊದಿಸಿದರೆ ಸುಮಾರು 8,700 ಅಜ್ಞಾತಗಳು (ಅಂಚಿಗೊಂದರಂತೆ ಕಂಡುಹಿಡಿಯಬೇಕಾದ ಪ್ರವಾಹಗಳು) ಬರುತ್ತವೆ. ಪ್ರತಿ ಸಂಕೀರ್ಣ ಸಂಖ್ಯೆಗೆ 16 ಬೈಟ್ ಲೆಕ್ಕದಲ್ಲಿ ಮ್ಯಾಟ್ರಿಕ್ಸ್‌ಗೆ 1.2 ಗಿಗಾಬೈಟ್ ಸಾಕು, ಮನೆಯ ಕಂಪ್ಯೂಟರೇ ಇದನ್ನು ಬಿಡಿಸುತ್ತದೆ. ಅದೇ ಗಾಡಿಯನ್ನು 1 ಗಿಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಲು 3 ಸೆಂ.ಮೀ. ತ್ರಿಕೋನಗಳು ಬೇಕು, ಅಜ್ಞಾತಗಳು 96,000 ದಾಟಿ, ಮ್ಯಾಟ್ರಿಕ್ಸ್ 140 ಗಿಗಾಬೈಟ್ ಮೀರುತ್ತದೆ. ದುಬಾರಿ ತಂತ್ರಾಂಶಗಳ ವೇಗದ ಬಹುಧ್ರುವ ವಿಧಾನ (ಇಡೀ ಮ್ಯಾಟ್ರಿಕ್ಸನ್ನು ನೆನಪಿನಲ್ಲಿಡದೆ ಬಿಡಿಸುವ ದಾರಿ) ನಿಜವಾಗಿ ಬೇಕಾಗುವುದು ಅಲ್ಲಿ, ನಿಮ್ಮ 150 ಮೆಗಾಹರ್ಟ್ಸ್‌ನಲ್ಲಿ ಅಲ್ಲ.

ಕೊನೆಯದಾಗಿ, ಗದ್ದಲದ ಮೂಲಗಳನ್ನು ಒಂದೊಂದಾಗಿ ಚಾಲನೆ ಮಾಡಿ ಲೆಕ್ಕ ಹಾಕಬೇಡಿ. ಅನ್ಯೋನ್ಯತಾ ಪ್ರಮೇಯ ನಿಮ್ಮ ಕೈಯಲ್ಲಿದೆ. ಆಂಟೆನಾಕ್ಕೆ 1 ಆಂಪಿಯರ್ ಕೊಟ್ಟು, ಗಾಡಿಯೊಳಗೆ ತಂತಿಗಳು ಹಾದುಹೋಗುವ ಪ್ರತಿ ಜಾಗದಲ್ಲಿ ಹುಟ್ಟುವ ವೋಲ್ಟೇಜನ್ನು ಒಂದೇ ಓಟದಲ್ಲಿ ಬರೆದುಕೊಳ್ಳಿ. ಆ ಜಾಗದಲ್ಲಿ 1 ಆಂಪಿಯರ್ ಗದ್ದಲವಿದ್ದರೆ ಆಂಟೆನಾದಲ್ಲಿ ಅಷ್ಟೇ ವೋಲ್ಟೇಜು ಕಾಣುತ್ತದೆ. ಬೀಕನ್, ಇನ್ವರ್ಟರ್, ಇಂಧನ ಪಂಪು ಇವುಗಳ ತಂತಿಗಳನ್ನು ಎಲ್ಲಿ ಹಾಯಿಸಬಾರದು ಎಂಬ ನಕ್ಷೆ ಒಮ್ಮೆಲೇ ಸಿಗುತ್ತದೆ.

ಉತ್ತರ: ಅಳತೆಗಾರ

ಮೇಲಿನ ಉತ್ತರವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಮಾದರಿಯನ್ನು ತಿದ್ದುವ ಮೊದಲು ಗಾಡಿಯ ಬಳಿಗೊಮ್ಮೆ ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಹದಿನೈದು ವರ್ಷಗಳಿಂದ ವಾಹನಗಳ ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಪರೀಕ್ಷೆಯಲ್ಲೇ ಇರುವವನಾಗಿ ಹೇಳುತ್ತಿದ್ದೇನೆ. ಹೆಣಿಗೆಯ ಹೊರಮೈಯಲ್ಲಿ ಪ್ರವಾಹವಿದೆಯೇ ಎಂಬುದನ್ನು ಊಹಿಸಬೇಕಾಗಿಲ್ಲ. ಕರೆಂಟ್ ಕ್ಲ್ಯಾಂಪನ್ನು (ಕೇಬಲ್ ಕತ್ತರಿಸದೆ ಪ್ರವಾಹ ಅಳೆಯುವ ಚಿಮಟವನ್ನು) ಕೋಆಕ್ಸಿನ ಮೇಲೆ ಸಿಕ್ಕಿಸಿ, ತಗಡಿನಿಂದ ಸೆಟ್ಟಿನವರೆಗೆ ಗೇಣು ಗೇಣಾಗಿ ಸರಿಸುತ್ತ ಬರೆದುಕೊಳ್ಳಿ. ಏರಿಳಿತ ಕಂಡರೆ ಅಲ್ಲಿ ನಿಂತ ಅಲೆ ಇದೆ. ಫೆರೈಟ್ ಕೆಲಸ ಮಾಡುವುದು ಪ್ರವಾಹ ಗರಿಷ್ಠವಿರುವ ಜಾಗದಲ್ಲಿ. ಕನಿಷ್ಠವಿರುವ ಕಡೆ ಹತ್ತು ಉಂಗುರ ಹಾಕಿದರೂ ಏನೂ ಬದಲಾಗುವುದಿಲ್ಲ, ಹೀಗಾಗಿಯೇ ಅನೇಕರು ಫೆರೈಟ್ ಪ್ರಯೋಜನವಿಲ್ಲದ್ದೆಂದು ಕೈಬಿಡುತ್ತಾರೆ.

ಎಷ್ಟು ಕಡಿಮೆ ಪ್ರವಾಹ ಸಾಕು ಎಂಬುದರ ಅಂದಾಜು ಮನಸ್ಸಿನಲ್ಲಿರಲಿ. ಇಂತಹ ಸೆಟ್ಟುಗಳು 0.25 ಮೈಕ್ರೋವೋಲ್ಟ್ ಆಸುಪಾಸಿನ ಸಂಕೇತವನ್ನು, ಅಂದರೆ ಮೈನಸ್ 119 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಮಟ್ಟವನ್ನು ಕೇಳಿಸಬಲ್ಲವು. ಹೆಣಿಗೆಯ ಹೊರಗೆ 1 ಮೈಕ್ರೋಆಂಪಿಯರ್ ಗದ್ದಲ ಹರಿಯುತ್ತಿದ್ದು, ಅದರ ನೂರನೇ ಒಂದು ಪಾಲು ಮಾತ್ರ ಆಂಟೆನಾದ ಬುಡದಲ್ಲಿ ಒಳಹೊಕ್ಕರೂ, 50 ಓಮ್ ಮೇಲೆ 0.5 ಮೈಕ್ರೋವೋಲ್ಟ್ ಆಗುತ್ತದೆ. ದೂರದ ನಿಲ್ದಾಣ ಮುಳುಗಲು ಅದು ಧಾರಾಳ.

ಸೆಟ್ಟಿನ ಕವಚವನ್ನು ಬಾಡಿಗೆ ಯಾವುದರಿಂದ ಸೇರಿಸಿದ್ದೀರಿ ಎಂದು ನೀವು ಬರೆದಿಲ್ಲ. ನಾನು ನೋಡಿದ ಹತ್ತರಲ್ಲಿ ಎಂಟು ಗಾಡಿಗಳಲ್ಲಿ ಅದು ಒಂದು ಹಸಿರು ತಂತಿ, ಸುಮಾರು 20 ಸೆಂ.ಮೀ. ಉದ್ದ, ಪೇಂಟಿನ ಮೇಲೆಯೇ ಬಿಗಿದ ಬೋಲ್ಟ್. ಪೇಂಟನ್ನು ಕೆರೆದು ಬಿಗಿದರೆ ಮಿಲಿಓಮ್ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಆದರೆ ದುಂಡು ತಂತಿಯ ಇಂಡಕ್ಟೆನ್ಸ್ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ. 20 ಸೆಂ.ಮೀ.ಗೆ 0.2 ಮೈಕ್ರೋಹೆನ್ರಿ ಎಂದರೆ 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 190 ಓಮ್. ಡಿಸಿಯಲ್ಲಿ ಅರ್ಥ್ ಆಗಿರುವ ಸೆಟ್ಟು ನಿಮ್ಮ ಕಂಪನಾಂಕದಲ್ಲಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಮಾದರಿಯಲ್ಲಿ ಆ ತಂತಿಯನ್ನು ಆದರ್ಶ ಸಂಪರ್ಕವೆಂದು ಬರೆದರೆ ಮತ್ತೆ ತಪ್ಪು ಉತ್ತರವೇ ಬರುತ್ತದೆ, ಅಷ್ಟು ಉದ್ದದ ತಂತಿಯಾಗಿಯೇ ಬರೆಯಿರಿ. ಗಾಡಿಯಲ್ಲಿ ಅದರ ಬದಲು ಅಗಲವಾದ, ಗಿಡ್ಡನೆಯ ತಾಮ್ರದ ಪಟ್ಟಿಯನ್ನು ಹಾಕಿ.

ಬಾಗಿಲಿನ ಸಂದುಗಳನ್ನೂ ಮರೆಯಬೇಡಿ. ರಬ್ಬರ್ ಪಟ್ಟಿ ಕೂತಿರುವ ಸಂದು ಕಣ್ಣಿಗೆ ಮುಚ್ಚಿದಂತೆ ಕಂಡರೂ ಅಲೆಗೆ ತೆರೆದೇ ಇರುತ್ತದೆ. 1 ಮೀಟರ್ ಉದ್ದದ ಸಂದು 150 ಮೆಗಾಹರ್ಟ್ಸ್‌ಗೆ ಸರಿಯಾಗಿ ಅರ್ಧ ತರಂಗಾಂತರ, ಅಂದರೆ ಅದೇ ಒಂದು ಸೀಳು ಆಂಟೆನಾ. ಉಕ್ಕಿನ ವಾಹಕತೆ ಎಷ್ಟು ಎಂದು ಮೂರು ದಶಮಾಂಶದವರೆಗೆ ಕೊಟ್ಟು ಬಾಗಿಲನ್ನು ಬಾಡಿಗೆ ಬೆಸುಗೆ ಹಾಕಿದಂತೆ ಬರೆಯುವ ಮಾದರಿಗಳನ್ನು ನಾನು ಕಂಡಿದ್ದೇನೆ. ಈ ಕಂಪನಾಂಕದಲ್ಲಿ ಉಕ್ಕನ್ನು ಪರಿಪೂರ್ಣ ವಾಹಕವೆಂದು ಬರೆದರೂ ನಷ್ಟವಿಲ್ಲ, ಬಾಗಿಲು ಬಾಡಿಯನ್ನು ಮುಟ್ಟುವುದು ಕೀಲಿನಲ್ಲಿ ಮತ್ತು ಚಿಲಕದಲ್ಲಿ ಮಾತ್ರ ಎಂಬುದನ್ನು ಬರೆಯಲೇಬೇಕು.

ಅಳತೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ತಗಡಿನ ಶೆಡ್ಡಿನೊಳಗೆ ಅಳೆದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ, ಗಾಡಿಯನ್ನು ಬಯಲಿಗೆ ತನ್ನಿ. ಅಲ್ಲಿಯೂ, ಬೆಂಗಳೂರಿನಲ್ಲಿ ಸ್ಪೆಕ್ಟ್ರಮ್ ಅನಲೈಸರನ್ನು ನೇರವಾಗಿ ಆಂಟೆನಾಕ್ಕೆ ಜೋಡಿಸಿದರೆ ಆಕಾಶವಾಣಿಯ 101.3 ಮತ್ತು 102.9 ಮೆಗಾಹರ್ಟ್ಸ್ ಹಾಗೂ ಖಾಸಗಿ ಎಫ್‌ಎಂ ಕೇಂದ್ರಗಳ ಬಲವಾದ ಸಂಕೇತಗಳು ಉಪಕರಣದ ಮುಂಭಾಗವನ್ನೇ ತುಂಬಿಬಿಡುತ್ತವೆ. ಅವು ಒಂದಕ್ಕೊಂದು ಬೆರೆತು ಹುಟ್ಟಿಸುವ ಸುಳ್ಳು ಸಂಕೇತಗಳನ್ನು ಗಾಡಿಯ ಗದ್ದಲವೆಂದು ತಿಳಿಯುವ ಅಪಾಯವಿದೆ. ಅಗ್ಗದ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ) ರಿಸೀವರುಗಳಲ್ಲಂತೂ ಇದು ಹೆಚ್ಚು. ಮುಂದೊಂದು ಎಫ್‌ಎಂ ತಡೆ ಫಿಲ್ಟರ್ ಹಾಕಿಕೊಳ್ಳಿ.

ಗಾಡಿಗೆ ಎಐಎಸ್-004 ಭಾಗ 3ರ (ವಾಹನಗಳ ಇಎಂಸಿಯ ಭಾರತೀಯ ಮಾನದಂಡದ) ಪ್ರಮಾಣಪತ್ರವಿದೆ, ಆದ್ದರಿಂದ ಗದ್ದಲ ಇರಲಾರದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ವಾಹನದ ಹೊರಸೂಸುವಿಕೆಯನ್ನು ನೋಡುವುದು 10 ಅಥವಾ 3 ಮೀಟರ್ ದೂರದಿಂದ, ನೆರೆಮನೆಯ ರೇಡಿಯೋಕ್ಕೆ ತೊಂದರೆಯಾಗದಿರಲೆಂದು. ವಾಹನದೊಳಗಿನ ಸ್ವಂತ ರಿಸೀವರನ್ನು ಕಾಯುವ ಮಾನದಂಡ ಸಿಐಎಸ್‌ಪಿಆರ್ 25. ಅದರ ವಾಹನ ಮಟ್ಟದ ಪರೀಕ್ಷೆಯಲ್ಲಿ ಗಾಡಿಯ ಸ್ವಂತ ಆಂಟೆನಾದ ತುದಿಯಲ್ಲೇ ಅಳೆಯುತ್ತಾರೆ. ನೀವು ಈಗಾಗಲೇ ಮಾಡಿರುವುದು ಹೆಚ್ಚುಕಡಿಮೆ ಅದನ್ನೇ.

ಮರುಪ್ರಶ್ನೆ: ತರಂಗ_ಪೀಣ್ಯ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಕಂಬದ ಒಳಹೊದಿಕೆಯನ್ನು ಬಿಚ್ಚಿ ನೋಡಿದೆ. ಕೋಆಕ್ಸ್ ಮತ್ತು ಬೀಕನ್ ತಂತಿಯನ್ನು ಪ್ಲಾಸ್ಟಿಕ್ ಟೈಗಳಿಂದ ಒಂದೂವರೆ ಮೀಟರ್ ಉದ್ದಕ್ಕೂ ಒಂದೇ ಕಟ್ಟಿನಲ್ಲಿ ಬಿಗಿಯಲಾಗಿತ್ತು. ಅಚ್ಚುಕಟ್ಟಾಗಿರಲಿ ಎಂದು ಹಾಗೆ ಕಟ್ಟಿದವನು ನಾನೇ. ಸೆಟ್ಟಿನ ಅರ್ಥ್ ತಂತಿ 22 ಸೆಂ.ಮೀ. ಇತ್ತು, ಬೋಲ್ಟಿನ ಕೆಳಗೆ ಪೇಂಟೂ ಹಾಗೆಯೇ ಇತ್ತು.

ಕೋಆಕ್ಸಿನ ಹೊರಮೈಯನ್ನು ಮತ್ತು ಅರ್ಥ್ ತಂತಿಯನ್ನು ನಿಜವಾದ ಉದ್ದದಲ್ಲಿ ಸೇರಿಸಿ, ಬಲೆಯ ತಂತಿಯ ತ್ರಿಜ್ಯವನ್ನು ನಿಯಮದಂತೆ ಹೆಚ್ಚಿಸಿ ಮತ್ತೆ ಲೆಕ್ಕ ಹಾಕಿದೆ. ಈಗ ಮಾದರಿ ಮೈನಸ್ 44 ಡೆಸಿಬೆಲ್ ಕೊಡುತ್ತಿದೆ. ಗಾಡಿಯನ್ನು ಬಯಲಿಗೆ ತಂದು ಅಳೆದಾಗ ಮೈನಸ್ 40 ಬಂತು. ಕ್ಲ್ಯಾಂಪಿನಲ್ಲಿ ಗರಿಷ್ಠ ಪ್ರವಾಹ ಸಿಕ್ಕ ಜಾಗವೂ ಮಾದರಿ ತೋರಿಸಿದ ಜಾಗದಿಂದ ಒಂದು ಗೇಣಿನೊಳಗೇ ಇದೆ. ಅದನ್ನು ಕಂಡಾಗ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳದಿದ್ದರೆ ಸರಿಯಾಗದು.

ಪರಿಹಾರಕ್ಕೆ ಎರಡು ದಾರಿ ಕಾಣುತ್ತಿವೆ. ನೆಲದ ಆಸರೆಯೇ (ಬುಡದಲ್ಲಿ ಅಗಲವಾದ ಲೋಹದ ಹಾಳೆಯೇ) ಬೇಡದ ಅರ್ಧ ತರಂಗಾಂತರದ ಆಂಟೆನಾ ಒಂದು. ಫೈಬರಿನ ಒಳಮೈಗೆ ತಾಮ್ರದ ಜಾಲರಿಯನ್ನು ಅಂಟಿಸಿ ಅಂಚುಗಳಲ್ಲಿ ಬಾಡಿಗೆ ಸೇರಿಸುವುದು ಇನ್ನೊಂದು. ಯಾವುದು ಮೇಲು? ಛಾವಣಿಯ ಮೇಲೆ ಜಿಪಿಎಸ್ ಮತ್ತು ನಾವಿಕ್ (ಭಾರತದ ಸ್ಥಾನಸೂಚಕ ಉಪಗ್ರಹಗಳ ಸಂಕೇತ) ಸ್ವೀಕರಿಸುವ ಟ್ರ್ಯಾಕರಿನ ಆಂಟೆನಾ ಕೂಡ ಇದೆ.

ಉತ್ತರ: ಎರಡು_ಮೀಟರ್

ನಾನು ಹವ್ಯಾಸಿ ರೇಡಿಯೋದವನು, 144ರಿಂದ 146 ಮೆಗಾಹರ್ಟ್ಸ್ ನಮ್ಮ ಪಟ್ಟಿ, ಆದ್ದರಿಂದ ನಿಮ್ಮ ಸಮಸ್ಯೆ ನನಗೆ ನೆರೆಮನೆಯದು. ಅರ್ಧ ತರಂಗಾಂತರದ ಕಡ್ಡಿ 1 ಮೀಟರ್ ಎತ್ತರವಾಗುತ್ತದೆ. ಎತ್ತರದ ಛಾವಣಿಯ ಮೇಲೆ ಅದು ಮಲ್ಲೇಶ್ವರ, ಜಯನಗರದ ಅಡ್ಡರಸ್ತೆಗಳ ಮರದ ಕೊಂಬೆಗಳಿಗೂ ಆಸ್ಪತ್ರೆಯ ಪೋರ್ಟಿಕೋಗೂ ದಿನಕ್ಕೆ ಹತ್ತು ಸಲ ತಗಲುತ್ತದೆ. ನನ್ನ ಮತ ಜಾಲರಿಯ ಕಡೆಗೆ. ಕಡ್ಡಿಯ ಬುಡದಿಂದ ಎಲ್ಲ ದಿಕ್ಕಿಗೂ ಕನಿಷ್ಠ 50 ಸೆಂ.ಮೀ. ಚಾಚಲಿ, ಉಳಿದ ಉಕ್ಕಿನ ಅಂಚಿಗೆ ಒಂದೆರಡು ಕಡೆಯಲ್ಲದೆ ಸುತ್ತಲೂ ಹಲವು ಕಡೆ ಗಿಡ್ಡ ಪಟ್ಟಿಗಳಿಂದ ಸೇರಿಸಿ.

ಟ್ರ್ಯಾಕರಿನ ವಿಷಯ ಬೇರೆ ಬಗೆಯದು, ಇದರಲ್ಲಿ ತೊಂದರೆ ಕೊಡುವುದು ನಿಮ್ಮ ಸೆಟ್ಟೇ. ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ಸುಮಾರು ಮೈನಸ್ 130 ಡಿಬಿಎಂ ಇರುತ್ತದೆ. ನಿಮ್ಮ ಸೆಟ್ಟು 5 ವ್ಯಾಟ್ ಕೊಡುವುದಾದರೆ ಅದು 37 ಡಿಬಿಎಂ. 1575.42 ಮೆಗಾಹರ್ಟ್ಸ್ ಎಂಬುದು 157.542ರ ಹತ್ತನೇ ಹಾರ್ಮೋನಿಕ್ (ಅಂದರೆ ಅದರ ಹತ್ತುಪಟ್ಟು ಕಂಪನಾಂಕ), 143.22ರ ಹನ್ನೊಂದನೆಯದು. ನಾವಿಕ್ ಬಳಸುವ 1176.45 ಮೆಗಾಹರ್ಟ್ಸ್ 147.056ರ ಎಂಟನೆಯದು. ನಿಮಗೆ ಹಂಚಿಕೆಯಾಗಿರುವ ಚಾನೆಲ್ ಇವುಗಳ ಹತ್ತಿರವಿದೆಯೇ ಎಂದು ಮೊದಲು ನೋಡಿ. ಇದ್ದರೆ ಸೆಟ್ಟಿನ ಬಾಯಲ್ಲೇ ಕೆಳಪಟ್ಟಿ ಫಿಲ್ಟರ್ (ಕೆಳಗಿನ ಕಂಪನಾಂಕಗಳನ್ನು ಮಾತ್ರ ಬಿಡುವ ಫಿಲ್ಟರ್) ಬೇಕು, ಎರಡು ಆಂಟೆನಾಗಳ ನಡುವಿನ ದೂರವೂ ಮುಖ್ಯವಾಗುತ್ತದೆ.

ಈ ಲೆಕ್ಕಕ್ಕೆ ನಿಮ್ಮ ಈಗಿನ ಬಲೆಯನ್ನು ಬಳಸಲೇಬೇಡಿ. ಜಿಪಿಎಸ್ ತರಂಗಾಂತರ 19 ಸೆಂ.ಮೀ., 10 ಸೆಂ.ಮೀ. ಕಣ್ಣಿನ ಬಲೆ ಅದಕ್ಕೆ ತೆರೆದ ಕಿಟಕಿ. ಜೊತೆಗೆ, 150 ಮೆಗಾಹರ್ಟ್ಸ್‌ನಲ್ಲಿ ಕೆಲವು ಮಿಲಿಮೀಟರಿನ ಫೈಬರನ್ನು ನೀವು ಬಿಟ್ಟಿದ್ದು ಸರಿಯೇ ಆದರೂ, 1.5 ಗಿಗಾಹರ್ಟ್ಸ್‌ನಲ್ಲಿ ಅದನ್ನು ಬಿಡಬಾರದು. ಇದಕ್ಕೆ ಕೇನ್ ಯೀ 1966ರಲ್ಲಿ ಕೊಟ್ಟ ಕಾಲವಲಯದ ಎಫ್‌ಡಿಟಿಡಿ ವಿಧಾನ (ಜಾಗವನ್ನು ಸಣ್ಣ ಘನಗಳಾಗಿ ಕತ್ತರಿಸಿ, ಅಲೆಯನ್ನು ಕ್ಷಣಕ್ಷಣಕ್ಕೂ ಮುಂದೆ ನಡೆಸುವ ಲೆಕ್ಕ) ಅನುಕೂಲ, ಓಪನ್‌ಇಎಂಎಸ್ ಎಂಬ ಉಚಿತ ತಂತ್ರಾಂಶವೂ ಇದೆ. ಇಡೀ ವ್ಯಾನನ್ನು 2 ಸೆಂ.ಮೀ. ಘನಗಳಾಗಿ ಕತ್ತರಿಸಿದರೆ ಸುತ್ತಲಿನ ಗಾಳಿಯೂ ಸೇರಿ 1.7 ಕೋಟಿ ಘನಗಳು, ಅದನ್ನು ಒಳ್ಳೆಯ ಮೇಜು ಕಂಪ್ಯೂಟರು ಹೊರುತ್ತದೆ. ಆದರೆ 19 ಸೆಂ.ಮೀ. ಅಲೆಗೆ 2 ಸೆಂ.ಮೀ. ಘನ ಅಂಚಿನ ಮೇಲೆ ನಿಂತ ಹಾಗೆ. ಇಡೀ ಗಾಡಿ ಬೇಡ, ಛಾವಣಿಯನ್ನು ಮಾತ್ರ ತೆಗೆದುಕೊಂಡು 1 ಸೆಂ.ಮೀ.ಗೆ ಇಳಿಸಿ, ಎರಡೂ ಆಂಟೆನಾಗಳು ಅದರ ಮೇಲೆಯೇ ಇವೆಯಲ್ಲ.

ತರಂಗ_ಪೀಣ್ಯ

ನಮ್ಮ ಚಾನೆಲ್ ನೀವು ಹೇಳಿದ ಯಾವ ಅಂಕಿಗೂ ಹತ್ತಿರವಿಲ್ಲ, ನೋಡಿಕೊಂಡೆ. ಜಾಲರಿಯನ್ನು ಶನಿವಾರ ಅಂಟಿಸುತ್ತೇವೆ. ಅಂಚಿಗೆ ಎಂಟು ಕಡೆ ಪಟ್ಟಿ ಹಾಕುವ ಯೋಚನೆಯಿದೆ. ನಾಲ್ಕು, ಎಂಟು, ಹನ್ನೆರಡು ಪಟ್ಟಿಗಳಿಗೆ ಮಾದರಿಯಲ್ಲಿ ಬೇರೆ ಬೇರೆ ಲೆಕ್ಕ ಓಡಿಸಿದ್ದೇನೆ, ನಾಲ್ಕರಿಂದ ಎಂಟಕ್ಕೆ ಹೋದಾಗ ಹೆಣಿಗೆಯ ಪ್ರವಾಹ ಚೆನ್ನಾಗಿ ಇಳಿಯುತ್ತದೆ, ಹನ್ನೆರಡಕ್ಕೆ ಹೆಚ್ಚಿನ ಲಾಭವಿಲ್ಲ. ಬೀಕನ್ ತಂತಿಯನ್ನು ಎದುರು ಕಂಬಕ್ಕೆ ಈಗಾಗಲೇ ಸರಿಸಿದ್ದೇನೆ. ಅಷ್ಟಕ್ಕೇ ಗದ್ದಲ ಅರ್ಧಕ್ಕಿಂತ ಹೆಚ್ಚು ತಗ್ಗಿ, ಬೀಕನ್ ಉರಿಯುತ್ತಿರುವಾಗಲೂ ನಿಲ್ದಾಣದ ಮಾತು ಕೇಳಿಸುತ್ತಿದೆ. ಜಾಲರಿ ಕೂತ ಮೇಲೆ ಕ್ಲ್ಯಾಂಪಿನ ಅಂಕಿಗಳನ್ನೂ ಮಾದರಿಯ ಕಡತವನ್ನೂ ಇಲ್ಲಿಯೇ ಹಾಕುತ್ತೇನೆ.